ಬಲಗಡೆ ಬಾಗಿಲಿನ ಬಿಡಾರ

ನಮ್ಮ ಬಡಾವಣೆಯ ರಾಮೋತ್ಸವ ಸಮಿತಿಯ ಹುಡುಗರು ಕಳೆದ ವಾರ ಬಂದಿದ್ದರು. ಸ್ಮರಣ ಸಂಚಿಕೆ ತರುತ್ತಾರಂತೆ. ಐವತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ಹರಿಕಥೆ ಮಾಡುತ್ತಿದ್ದ ಹೆಂಗಸೊಬ್ಬರಿದ್ದರಂತಲ್ಲ, ನೀವು ಅವರಿಗೆ ಹಾರ್ಮೋನಿಯಂ ನುಡಿಸುತ್ತಿದ್ದಿರಂತಲ್ಲ, ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಹೊರಡುವಾಗ ಒಬ್ಬ ತಿರುಗಿ ನಿಂತು, ‘ಸಾರ್, ಅವರ ವಿನಯ, ಸಾತ್ವಿಕತೆ, ಅದೆಲ್ಲ ಸ್ವಲ್ಪ ಬರಲಿ’ ಎಂದ.

ವಿನಯ ಅವರಲ್ಲಿ ಇರಲಿಲ್ಲ. ಇದ್ದಿದ್ದರೆ ಅವರು ಪರದೇಶದ ಗಾಲಿಮನೆಯೊಂದನ್ನು ಕೊಳ್ಳುತ್ತಿರಲಿಲ್ಲ, ನಾನು ಕೆಂಗೇರಿ ಇಳಿಜಾರಿನಲ್ಲಿ ಸಾವಿನ ಅಷ್ಟು ಹತ್ತಿರ ಹೋಗುತ್ತಿರಲಿಲ್ಲ, ಇಷ್ಟು ವರ್ಷಗಳ ಮೇಲೆ ಅವರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಮೈಸೂರು ರಸ್ತೆಯ ಬಸ್ಸು ಇವತ್ತಿಗೂ ಆ ಇಳಿಜಾರಿಗೆ ಬಂದರೆ ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತದೆ, ಅಲ್ಲಿ ಬ್ರೇಕು ಇದೆಯೇನೋ ಎಂಬಂತೆ. ಪಕ್ಕದಲ್ಲಿ ಕೂತವರು ಕಾಲು ಸರಿಸಿಕೊಳ್ಳುತ್ತಾರೆ.

ಅವರ ಹೆಸರು ಬರೆಯುವುದಿಲ್ಲ. ಅದಕ್ಕೆ ಕಾರಣ ಅವರೇ. ಕರಪತ್ರ ಅಚ್ಚು ಹಾಕಿಸುವವರು ಅವರ ಹೆಸರಿನ ಹಿಂದೆ ಶ್ರೀಮತಿ ಎಂದೋ ಕುಮಾರಿ ಎಂದೋ ಸೇರಿಸಿಬಿಡುತ್ತಿದ್ದರು. ‘ನಾನು ಎರಡೂ ಅಲ್ಲ ಕಣ್ರೀ, ಬರೀ ಹೆಸರು ಹಾಕಿ’ ಎಂದರೆ, ‘ಬರೀ ಹೆಸರು ಹಾಕಿದ್ರೆ ಮರ್ಯಾದೆ ಇರಲ್ಲಮ್ಮ’ ಎನ್ನುತ್ತಿದ್ದರು. ‘ಹಂಗಾದ್ರೆ ಹೆಸರೇ ಬೇಡ. ಹರಿಕಥೆ ಇದೆ ಅಂತ ಹಾಕಿ ಸಾಕು. ಬರೋರು ಬರ್ತಾರೆ.’ ಹೆಸರಿಲ್ಲದ ಕರಪತ್ರ ನೋಡಿಕೊಂಡು ಜನ ಬರುತ್ತಲೂ ಇದ್ದರು.

ಅವರ ತಾಯಿ, ಅಜ್ಜಿ ದೇವಸ್ಥಾನದ ಸೇವೆಯಲ್ಲಿ ಹಾಡಿ ಕುಣಿದವರು. ಆ ಮನೆತನದವರನ್ನು ಊರು ಹೇಗೆ ಕಾಣುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಡು ಬೇಕಿತ್ತು, ಹಾಡಿದವಳು ಬೇಡವಾಗಿತ್ತು. ಇವರು ಕುಣಿತ ಬಿಟ್ಟು ಹರಿಕಥೆ ಹಿಡಿದರು. ಎತ್ತರದ ಆಳು, ಎರಡೂ ಕಡೆ ಮೂಗುಬೊಟ್ಟು, ಕಚ್ಚೆ ಸೀರೆ. ಬಲಗೈಯಲ್ಲಿ ಸದಾ ಚಿಟಿಕೆ ಇರುತ್ತಿತ್ತು. ತಾಳ ಹಾಕುವ ಆ ಎರಡು ಮರದ ತುಂಡುಗಳನ್ನು ಕಥೆಯಿಲ್ಲದಾಗಲೂ ಬಿಡುತ್ತಿರಲಿಲ್ಲ. ತರಕಾರಿಯವನೊಡನೆ ಚೌಕಾಸಿ ಮಾಡುವಾಗ ಒಂದು ಸಲ ಟಕ್ ಎನ್ನಿಸಿದರೆ ಮಾತು ಮುಗಿಯಿತು ಎಂದರ್ಥ.

ಆಗ ರಾಜಾಜಿನಗರವೆಂದರೆ ಕಲ್ಲು ನೆಟ್ಟ ಸೈಟುಗಳು, ನಡುನಡುವೆ ಮನೆ, ಉಳಿದದ್ದು ಲಂಟಾನ. ಈಗ ಚಂದ್ರಾ ಲೇಔಟ್ ಇರುವ ಕಡೆ ರಾಗಿ ಬೆಳೆಯುತ್ತಿದ್ದರು. ನಮ್ಮ ಪಕ್ಕದ ಸೈಟಿನಲ್ಲಿ ಶೀಟು ಹೊದಿಸಿದ ಎರಡು ಕೋಣೆ ಕಟ್ಟಿಕೊಂಡು ಅವರಿದ್ದರು. ನಾನು ಆಗತಾನೆ ಬಿ.ಎಸ್ಸಿ. ಮುಗಿಸಿ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಹಳೆಯ ಹಾರ್ಮೋನಿಯಂ ಹಿಡಿದು ಕೂತಿದ್ದಾಗ ಬೇಲಿಯಾಚೆಯಿಂದ ದನಿ ಬಂತು.

‘ಯಾರಯ್ಯಾ ಅದು, ಆ ಪ್ರಾಣಿಗೆ ಹಿಂಸೆ ಕೊಡ್ತಿರೋದು?’

ನಾನು ಎದ್ದು ನಿಂತೆ.

‘ಓದ್ಕೊಂಡಿದೀಯ?’

‘ಬಿ.ಎಸ್ಸಿ. ಆಗಿದೆ ಅಮ್ಮ.’

‘ಬೆರಳಿಗೆ ಆಗಿಲ್ಲ. ಸಾಯಂಕಾಲ ಬಾ, ಹೇಳ್ಕೊಡ್ತೀನಿ.’

ಅಂದಿನಿಂದ ನಾನು ಅವರ ಪಾಲಿಗೆ ಬೀಎಸ್ಸಿ. ಅವರ ಹಿಂದೆ ಶ್ರುತಿ ಹಿಡಿಯುವ ಕೆಲಸ ನನ್ನದಾಯಿತು. ಮೃದಂಗಕ್ಕೆ ಶಾಮಣ್ಣ ಎಂಬ ಹಿರಿಯರಿದ್ದರು. ಯಾವ ಊರಿಗೆ ಹೊರಟರೂ ‘ಇವತ್ತು ಜನ ಬರಲ್ಲ’ ಎಂದುಕೊಂಡೇ ಹೊರಡುವ ಮನುಷ್ಯ.

ಹರಿಕಥೆಯವರನ್ನು ಕರೆಸುವ ಊರಿನಲ್ಲಿ ಮೊದಲ ಪ್ರಶ್ನೆ ಒಂದೇ: ಬಿಡಾರ ಎಲ್ಲಿ? ಗಂಡಸು ದಾಸರು ಬಂದರೆ ದೊಡ್ಡಮನೆಯ ಒಳಹಜಾರದಲ್ಲಿ ಬಿಡಾರ, ಬೆಳ್ಳಿಲೋಟದಲ್ಲಿ ಕಾಫಿ, ಸ್ನಾನಕ್ಕೆ ಹಂಡೆ ನೀರು. ಇವರು ಬಂದರೆ ಜಗಲಿ. ಜಗಲಿಯೂ ಇಲ್ಲದಿದ್ದರೆ ದೇವಸ್ಥಾನದಲ್ಲಿ ಪಲ್ಲಕ್ಕಿ ಇಡುವ ಕೋಣೆ. ನಾನು ಜೊತೆಗೆ ಹೋಗತೊಡಗಿದ ಮೇಲೆ ಒಂದು ವಿಚಿತ್ರವಾಯಿತು. ಹಾರ್ಮೋನಿಯಂ ಒತ್ತುವ ನನ್ನನ್ನು, ನನ್ನ ಕುಲಗೋತ್ರ ವಿಚಾರಿಸಿಕೊಂಡು, ಒಳಗೆ ಕರೆಯುತ್ತಿದ್ದರು. ಕಥೆ ಮಾಡುವವರು ಹೊರಗೆ ಕೂತಿರುತ್ತಿದ್ದರು. ‘ಹೋಗಯ್ಯಾ, ಉಂಡ್ಕೊಂಡು ಬಾ. ಒಳಗೆ ಏನು ಪಲ್ಯ ಅಂತ ಬಂದು ಹೇಳು, ಹೊರಗೂ ಅದೇನಾ ನೋಡೋಣ’ ಎನ್ನುತ್ತಿದ್ದರು.

ಕೆಂಗೇರಿಯ ಜಗಲಿಯ ಸಂಗತಿ ನಾನು ಅವರನ್ನು ಸೇರುವ ಮೊದಲಿನದು. ಅವರೇ ಒಂದು ಸಲ ಅವರೆಕಾಯಿ ಸುಲಿಯುತ್ತ ಹೇಳಿದ್ದು. ಭಕ್ತನ ಎಂಜಲನ್ನು ದೇವರು ಕೇಳಿ ತಿಂದ ಕಥೆಯನ್ನು ಆ ದಿನ ಮಾಡಿದ್ದರು. ಊರಿನ ದೊಡ್ಡಮನೆಯ ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಿದ್ದರು. ಕಥೆ ಮುಗಿದ ಮೇಲೆ ಅದೇ ಮನೆಯ ಜಗಲಿಯ ಮೇಲೆ ಇವರಿಗೆ ಎಲೆ ಹಾಕಿದರು. ಊಟವಾಯಿತು. ಎಲೆ ಎತ್ತಲು ಯಾರೂ ಬರಲಿಲ್ಲ. ಒಳಗಿಂದ ಒಂದು ಕೈ ಮಾತ್ರ ಬಂದು, ಬಾಗಿಲ ಬಳಿ ಸಗಣಿಯ ಉಂಡೆ, ನೀರಿನ ಚೆಂಬು ಇಟ್ಟು ಹೋಯಿತು.

‘ಉಂಡ ಜಾಗ ನಾನೇ ಸಾರಿಸಬೇಕು ಅಂತ. ಬಾಯಿಬಿಟ್ಟು ಹೇಳಿದ್ರೆ ಜಗಳ ಆಡಬಹುದಿತ್ತು. ಚೆಂಬಿನ ಜೊತೆ ಏನು ಜಗಳ ಆಡೋದು?’

‘ನೀವೇನು ಮಾಡಿದ್ರಿ ಅಮ್ಮ?’

‘ಸಾರಿಸಿದೆ. ಸಾರಿಸಿ ರಂಗೋಲಿ ಎಳೆದು ಬಂದೆ. ಬಾಗಿಲಗಲ ಎಳೆದೆ. ತುಳೀದೆ ಯಾರೂ ಹೊರಗೆ ಬರೋಕಾಗಬಾರದು, ಅಷ್ಟಗಲ.’ ಸ್ವಲ್ಪ ಹೊತ್ತು ಕಾಳು ಸುಲಿದು, ‘ಒಂದು ದಿನ ಅದೇ ಕೆಂಗೇರೀಲಿ ನನ್ನ ಬಾಗಿಲು ನಾನೇ ಹಾಕ್ಕೊಂಡು ಮಲಗ್ತೀನಿ. ಅಷ್ಟೇ ನನಗೆ ಬೇಕಾಗಿರೋದು’ ಎಂದರು.

ನಮ್ಮ ಕಡೆಯ ಹೊಸ ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರರೊಬ್ಬರು ಕೆಲಸ ಮುಗಿಸಿ ಹೊರಟಿದ್ದರು. ಅವರ ಬಂಗಲೆಯ ಹಿಂದೆ ಒಂದು ಕ್ಯಾರವಾನ್, ಅಂದರೆ ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ, ನಿಂತಿತ್ತು, ರಜೆಯಲ್ಲಿ ಹೆಂಡತಿಯೊಡನೆ ಊರೂರು ಸುತ್ತಲು ಹಡಗಿನಲ್ಲಿ ತರಿಸಿಕೊಂಡದ್ದು. ಕೆನೆಬಣ್ಣ, ಕೋಳಿಮೊಟ್ಟೆಯ ಹಾಗೆ ದುಂಡು, ಎರಡೇ ಗಾಲಿ. ಅದನ್ನು ಮಾರುತ್ತಾರೆಂಬ ಸುದ್ದಿ ಅದೇ ದಿನ ನನ್ನ ಬಾಯಿಂದಲೇ ಇವರ ಕಿವಿಗೆ ಬಿತ್ತು, ತಮಾಷೆಯ ಮಾತಾಗಿ. ಅವರು ಅವರೆಕಾಳಿನ ಮೊರ ಪಕ್ಕಕ್ಕಿಟ್ಟರು. ‘ಒಳಗೆ ಮಲಗಬಹುದಾ? ಅಡಿಗೆ? ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ?’ ಚಿಲಕ ಇದೆಯೋ ಇಲ್ಲವೋ ನನಗೆ ತಿಳಿದಿರಲಿಲ್ಲ. ‘ನಡಿ, ನೋಡ್ಕೊಂಡು ಬರೋಣ.’

ಆ ಎಂಜಿನಿಯರ್ ದಂಪತಿಗಳಿಗೆ ಅಂಥ ಗಿರಾಕಿ ಬರಬಹುದೆಂಬ ಊಹೆಯಿರಲಿಲ್ಲ. ಇವರು ಚಪ್ಪಲಿ ಬಿಟ್ಟು ಒಳಗೆ ಹತ್ತಿದರು. ಮೆಟ್ಟಿಲ ಮೇಲೆ ಕಾಲಿಟ್ಟೊಡನೆ ಗಾಡಿ ಸ್ವಲ್ಪ ಬಾಗಿತು. ಸ್ಪ್ರಿಂಗಿನ ಮೇಲೆ ಕೂತ ಮನೆ, ಯಾರು ಹತ್ತಿದರೂ ಹಾಗೆ ಬಾಗುತ್ತಿತ್ತು. ‘ಬಗ್ಗಿ ನಮಸ್ಕಾರ ಮಾಡತ್ತೆ ನೋಡು’ ಎಂದರು. ಒಂದೊಂದು ಡ್ರಾಯರನ್ನೂ ಎಳೆದು ನೋಡಿದರು. ಮಂಚದ ಮೇಲೆ ಕಾಲು ಚಾಚಿ ಮಲಗಿದರು. ಆಮೇಲೆ ನಡುವೆ ನಿಂತು, ಕಣ್ಣು ಮುಚ್ಚಿ, ಷಡ್ಜ ಹಿಡಿದರು. ತಗಡಿನ ಗೋಡೆಗಳೆಲ್ಲ ಗುಂಯ್ ಎಂದವು. ಎಂಜಿನಿಯರರ ಹೆಂಡತಿ ಬೆಚ್ಚಿ ಗಂಡನ ತೋಳು ಹಿಡಿದುಕೊಂಡರು.

‘ಶ್ರುತಿ ನಿಲ್ಲತ್ತೆ. ತಗೋತೀನಿ ಅಂತ ಹೇಳು.’

ಎಂಜಿನಿಯರ್ ಒಳ್ಳೆಯ ಮನುಷ್ಯ. ತಗೊಳ್ಳುವ ಮುಂಚೆ ಮೂರು ಸಂಗತಿ ತಿಳಿದಿರಲಿ ಎಂದರು. ನಾನು ಕನ್ನಡಕ್ಕೆ ತಂದು ಹೇಳಿದೆ. ಮೊದಲನೆಯದು ಬಾಗಿಲು. ಅವರ ದೇಶದಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಓಡುತ್ತವೆ, ಆದ್ದರಿಂದ ಬಾಗಿಲೂ ಬಲಗಡೆಗೆ; ಇಳಿದರೆ ರಸ್ತೆಯ ಅಂಚಿಗೆ ಇಳಿಯುತ್ತಾರೆ. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಅದೇ ಬಾಗಿಲು ನಡುರಸ್ತೆಗೆ ತೆರೆಯುತ್ತದೆ. ಎರಡನೆಯದು, ಗಾಡಿ ಓಡುವಾಗ ಒಳಗೆ ಯಾರೂ ಇರಬಾರದು. ಮೂರನೆಯದನ್ನು ಅವರು ಬಗ್ಗಿ ಕೂತು ತೋರಿಸಿದರು. ಎಳೆಯುವ ವಾಹನದ ಹಿಂದೆ ಒಂದು ಕಬ್ಬಿಣದ ಗುಂಡು. ಕ್ಯಾರವಾನಿನ ಮೂತಿಯಲ್ಲಿ ಒಂದು ಬಟ್ಟಲು. ಬಟ್ಟಲು ಗುಂಡಿನ ಮೇಲೆ ಕೂತು, ಒಳಗಿನ ಕೊಕ್ಕೆ ಬೀಳುವಾಗ ಟಕ್ ಎಂದು ಶಬ್ದ ಬರಬೇಕು. ಬರದಿದ್ದರೆ ಹೊರಡಬಾರದು.

ಇವರ ಮುಖ ಅರಳಿತು. ಕೈಯ ಚಿಟಿಕೆಯನ್ನು ಒಮ್ಮೆ ಟಕ್ ಎನಿಸಿದರು. ಎಂಜಿನಿಯರರೂ ನಕ್ಕು ತಲೆಯಾಡಿಸಿದರು. ಆ ವ್ಯಾಪಾರದಲ್ಲಿ ಅವರಿಬ್ಬರಿಗೂ ದುಭಾಷಿಯಿಲ್ಲದೆ ಅರ್ಥವಾದ ಮಾತು ಅದೊಂದೇ.

ಗಾಲಿಮನೆ ಪಕ್ಕದ ಸೈಟಿಗೆ ಬಂದ ದಿನ ಬೀದಿಯವರಿಗೆ ಹಬ್ಬವಾಯಿತು. ಸರ್ಕಸ್ ಬಂತು, ಹುಲಿ ಯಾವಾಗ ಬರತ್ತೆ ಎಂದರು. ಹಾಲಿನವನು, ‘ಅಮ್ಮಾವ್ರೇ, ಹಾಲು ಮನೆಗೆ ಹಾಕ್ಲಾ, ಡಬ್ಬಿಗೆ ಹಾಕ್ಲಾ?’ ಎಂದು ಕೇಳಿದ. ಎದುರುಮನೆಯ ನಿವೃತ್ತ ಶಿರಸ್ತೇದಾರರು ಬಂದು ಬಾಗಿಲು ದಕ್ಷಿಣಕ್ಕಿದೆ, ಮನೆಗೆ ಆಗಿಬರುವುದಿಲ್ಲ ಎಂದು ಗಂಭೀರವಾಗಿ ಎಚ್ಚರಿಸಿದರು. ಇವರು ನನ್ನನ್ನೂ ಶಾಮಣ್ಣನನ್ನೂ ಕರೆದರು. ಮೂವರೂ ಸೇರಿ ಗಾಡಿಯನ್ನು ತಳ್ಳಿ ತಿರುಗಿಸಿದೆವು. ‘ಈಗ ಪೂರ್ವಕ್ಕಾಯ್ತು. ನಿಮ್ಮ ಮನೇನೂ ಹಿಂಗೆ ತಿರುಗತ್ತಾ ಸ್ವಾಮಿ?’

ಆ ವರ್ಷದ ರಾಮನವಮಿಗೆ ಕೆಂಗೇರಿಯಿಂದ ಕರೆ ಬಂತು. ದೇವಸ್ಥಾನದ ಧರ್ಮದರ್ಶಿ ಅದೇ ಯಜಮಾನರು. ಬಿಡಾರದ ಚಿಂತೆ ಬೇಡ, ನನ್ನ ಬಿಡಾರ ನನ್ನ ಜೊತೆ ಬರುತ್ತದೆ, ದೇವಸ್ಥಾನದ ಬಯಲಿನಲ್ಲಿ ಜಾಗ ಬಿಟ್ಟಿರಿ ಎಂದು ಇವರು ಹೇಳಿ ಕಳಿಸಿದರು. ಬಯಲಲ್ಲಿ ಬೇಡ, ಊರಾಚೆ ತೋಪಿನಲ್ಲಿ ನಿಲ್ಲಿಸಲಿ ಎಂದು ಉತ್ತರ ಬಂತು. ‘ಬಿಡಾರ ಊರಾಚೆ ಆದ್ರೆ ಹರಿಕಥೇನೂ ಊರಾಚೇನೆ’ ಎಂದು ಇವರು ಮತ್ತೆ ಹೇಳಿ ಕಳಿಸಿದರು. ಕರಪತ್ರ ಹಂಚಿಯಾಗಿತ್ತು. ಯಜಮಾನರು ಒಪ್ಪಿದರು.

ಗಾಡಿ ಎಳೆಯಲು ಬಾಷಾ ಎಂಬಾತನ ವ್ಯಾನು ಗೊತ್ತಾಯಿತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ವ್ಯಾನು ಅದು. ಬಾಷಾ ಅದಕ್ಕೆ ಹಿಂದುಗಡೆ ಕಬ್ಬಿಣದ ಗುಂಡು ಕೂರಿಸಿಕೊಂಡು ಬಂದ. ಮಿತಭಾಷಿ, ಅವಸರವಿಲ್ಲದ ಚಾಲಕ. ಹೊರಡುವ ಬೆಳಿಗ್ಗೆ ಪೂಜೆಯಾಯಿತು. ನಗೆಯಾಡಿದ್ದ ಬೀದಿಯೆಲ್ಲ ನೋಡಲು ಬಂದಿತ್ತು. ಇವರೇ ಗಾಲಿಗಳಿಗೆ ಅರಿಶಿನ ಕುಂಕುಮ ಹಚ್ಚಿ, ಗಾಡಿಯ ಮೂತಿಗೆ ದಪ್ಪನೆಯ ಸೇವಂತಿಗೆ ಹಾರ ಸುತ್ತಿದರು. ಬಾಷಾ ವ್ಯಾನನ್ನು ಹಿಂದಕ್ಕೆ ತಂದು ಬಟ್ಟಲನ್ನು ಗುಂಡಿನ ಮೇಲೆ ಇಳಿಸಿದ. ಅದೇ ಹೊತ್ತಿಗೆ ಮಂಗಳಾರತಿ, ಜಾಗಟೆ, ಎಲ್ಲ. ಹೊರಟಾಗ ಇವರು ನೇರವಾಗಿ ಕ್ಯಾರವಾನಿನ ಒಳಗೆ ಹತ್ತಿದರು.

‘ಅಮ್ಮ, ಓಡುವಾಗ ಒಳಗೆ ಇರಬಾರದು ಅಂದಿದ್ರು ಅವರು.’

‘ನನ್ನ ಮನೇಲಿ ನಾನು ಇರಬಾರದು ಅಂತ ಇವರೂ ಶುರು ಮಾಡಿದ್ರಾ? ಹತ್ತಯ್ಯಾ. ದಾರೀಲಿ ಪೀಠಿಕೆ ಒಂದ್ಸಲ ಆಗಲಿ.’

ಶಾಮಣ್ಣ, ‘ನಾನು ಮುಂದೆ ಕೂತ್ಕೋತೀನಿ. ಏನಾದ್ರೂ ಆದ್ರೆ ಹೇಳೋಕೆ ಒಬ್ಬರು ಬೇಕು’ ಎಂದು ಬಾಷಾನ ಪಕ್ಕ ಕೂತರು.

ಮಾಗಡಿ ರಸ್ತೆಗಿಳಿದು, ಊರಂಚು ಬಳಸಿ ಮೈಸೂರು ರಸ್ತೆ ಹಿಡಿದೆವು. ಎರಡೂ ಕಡೆ ಆಲದ ಮರಗಳು, ತರಕಾರಿ ಗಾಡಿಗಳು. ನಾನು ಮಂಚದ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಶ್ರುತಿ ಹಿಡಿದಿದ್ದೆ, ಅವರು ಎದುರಿಗೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಹಿಂದೆ ಕಂಡಿರಲಿಲ್ಲ.

ಮುಂದಿನದನ್ನು ನಾನು ಎಷ್ಟೋ ಸಲ ಒಳಗೊಳಗೇ ನಡೆಸಿ ನೋಡಿದ್ದೇನೆ. ಕೆಂಗೇರಿಗೆ ಇಳಿಯುವ ರಸ್ತೆ. ಮೊದಲು ವ್ಯಾನಿನ ಸದ್ದು ದೂರವಾಯಿತು. ಬಾಷಾ ಎಂಜಿನ್ ನಿಲ್ಲಿಸಿ ಇಳಿಜಾರಿನಲ್ಲಿ ಬಿಟ್ಟಿರಬೇಕು ಎಂದುಕೊಂಡೆ. ಆಮೇಲೆ ನೆಲ ಮುಂದಕ್ಕೆ ವಾಲಿತು. ಗಾಡಿಯ ಮೂತಿ ರಸ್ತೆಗೆ ಬಿದ್ದು ಕಬ್ಬಿಣ ಉಜ್ಜುವ ಕಿರುಚು ಎದ್ದಿತು. ಪಾತ್ರೆಗಳು ಉರುಳಿದವು. ಹಾರ್ಮೋನಿಯಂ ಜಾರಿ ಬಂದು ನನ್ನ ಎದೆಗೆ ಬಡಿಯಿತು. ಮುಂದಿನ ಕಿಟಕಿಯಲ್ಲಿ ಬಾಷಾನ ವ್ಯಾನು ನಮ್ಮನ್ನು ಬಿಟ್ಟು ತಾನೊಂದೇ ಹೋಗುತ್ತಿರುವುದು ಕಾಣಿಸಿತು. ನಮ್ಮ ಗಾಡಿ ಓಡುತ್ತಲೇ ಇತ್ತು. ಅದು ನಿಧಾನವಾಗಿ ರಸ್ತೆಯ ಬಲಕ್ಕೆ ಹೊರಳಿತು. ಎದುರಿನಿಂದ ಲಾರಿ ಬರುತ್ತಿತ್ತು.

ಬಲಗಾಲು ಆಗ ನೆಲವನ್ನು ಒತ್ತಿದ್ದು. ಒಳಗೆ ಒತ್ತುವುದಕ್ಕೆ ಏನೂ ಇರಲಿಲ್ಲ.

ಬಾಗಿಲ ಬಳಿಗೆ ಹೇಗೆ ಹೋದೆನೋ ತಿಳಿಯದು. ಚಿಲಕ ತೆಗೆದೆ, ಬಾಗಿಲು ಗಾಳಿಗೆ ಹೊರಕ್ಕೆ ಹೊಡೆದುಕೊಂಡಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಹಿಂದಿನಿಂದ ನನ್ನ ಅಂಗಿಯ ಕೊರಳು ಬಿಗಿಯಿತು.

‘ಅದು ರಸ್ತೆ ಕಡೆ ಬಾಗಿಲು ಕಣೋ.’

ಅಲ್ಲಿಯವರೆಗೆ ಕಣಯ್ಯಾ ಎನ್ನುತ್ತಿದ್ದವರು ಆಗ ಮೊದಲ ಸಲ ಕಣೋ ಎಂದರು. ದನಿ ಏರಿರಲಿಲ್ಲ. ಚಿಟಿಕೆ ಹಿಡಿಯುವ ಆ ಕೈ ನನ್ನನ್ನು ಒಳಕ್ಕೆ ಎಳೆದು ನೆಲಕ್ಕೆ ಕೆಡವಿತು. ಲಾರಿ ತನ್ನ ಅಂಚಿಗೆ ಪೂರ್ತಿ ಒತ್ತಿಕೊಂಡು ಪಕ್ಕದಲ್ಲೇ ಹಾಯಿತು. ನಾನು ನಿಂತಿದ್ದ ಜಾಗದಿಂದ ಬಾಗಿಲನ್ನು, ಮೆಟ್ಟಿಲನ್ನು ಕಿತ್ತುಕೊಂಡು ಹೋಯಿತು. ಬಾಗಿಲಿದ್ದ ಕಡೆ ಆಕಾಶ ಕಾಣಿಸಿತು. ಅಷ್ಟರಲ್ಲಿ ಗಾಡಿಯ ಮೂತಿ ರಸ್ತೆ ರಿಪೇರಿಗೆಂದು ಸುರಿದಿದ್ದ ಜಲ್ಲಿಯ ರಾಶಿಗೆ ಹೊಕ್ಕು, ಹಿಂಭಾಗ ಒಮ್ಮೆ ಮೇಲೆದ್ದು, ಧೊಪ್ಪನೆ ಕೂತು ನಿಂತಿತು.

ನೆನಪಿನಲ್ಲಿ ಕೆಲವು ಸಲ ಅವರ ಕೈ ನನ್ನ ಅಂಗಿಯನ್ನು ತಲುಪುವುದಿಲ್ಲ. ಅಂಥ ದಿನ ನಾನು ಬಸ್ಸಿನಿಂದ ಇಳಿದು, ಮುಂದಿನ ನಿಲ್ದಾಣದವರೆಗೆ ನಡೆಯುತ್ತೇನೆ.

ಅವರು ಪಾತ್ರೆಗಳ ನಡುವೆ ಕೂತಿದ್ದರು. ಹುಬ್ಬಿನ ಮೇಲೆ ಒಡೆದು ರಕ್ತ ಬರುತ್ತಿತ್ತು.

‘ಹಾರ್ಮೋನಿಯಂ ಉಳೀತಾ?’

‘ಉಳಿದಿದೆ ಅಮ್ಮ.’

‘ನೀನು?’

ನಾನು ಅಳತೊಡಗಿದೆ. ‘ಶ್ರುತಿ ಸೇರ್ತಾ ಇಲ್ಲ, ಆದ್ರೂ ಉಳಿದಿದೀಯ’ ಎಂದರು.

ಬಾಷಾ ಇಳಿಜಾರು ಹತ್ತಿ ಓಡಿ ಬಂದ. ಅವನ ಹಿಂದೆ ಶಾಮಣ್ಣ. ಬಾಷಾ ಗಾಡಿಯ ಮೂತಿಯ ಬಳಿ ಕುಕ್ಕರಿಸಿ, ಬಟ್ಟಲೊಳಗೆ ಬೆರಳು ಹಾಕಿ, ಎಣ್ಣೆಮಸಿಯಲ್ಲಿ ಜಜ್ಜಿಹೋಗಿದ್ದ ಸೇವಂತಿಗೆಯ ಮುದ್ದೆಯನ್ನು ಹೊರಗೆಳೆದ. ಕೊಕ್ಕೆ ಬೀಳಬೇಕಾದ ಜಾಗದಲ್ಲಿ ಹಾರ ಸಿಕ್ಕಿಕೊಂಡಿತ್ತು.

‘ಹೂವಿನ ಮೇಲೇ ಇಳಿಸಿದ್ಯಾ ಬಾಷಾ?’

‘ನೀವು ಕಟ್ಟಿದ ದೇವರ ಹೂವು ಅಮ್ಮ. ಅಷ್ಟು ಜನ ನೋಡ್ತಾ ಇದ್ರು. ನಾನು ಕೈಹಾಕಿ ಹೆಂಗೆ ಕೀಳ್ಲಿ? ಮರ್ಯಾದೆ ಅಲ್ಲ ಅಂತ ಸುಮ್ಮನಾದೆ.’ ಆ ಮುದ್ದೆಯನ್ನು ಅವರ ಮುಂದೆ ಹಿಡಿದ. ‘ಆದ್ರೆ ಟಕ್ ಅಂತು ಅಮ್ಮ. ಕಿವಿಯಾರೆ ಕೇಳಿದೀನಿ. ಕೇಳಿದ ಮೇಲೇ ಹೊರಟಿದ್ದು.’

ಶಾಮಣ್ಣ ಕೆಮ್ಮಿದರು.

‘ಅದು ಈಡುಗಾಯಿ ಕಣಪ್ಪ. ನಾನೇ ಒಡೆದದ್ದು.’

ಮೊದಲು ನಕ್ಕವರು ಅವರೇ. ಹುಬ್ಬಿನ ರಕ್ತವನ್ನು ಸೆರಗಿನಿಂದ ಒತ್ತಿ ಹಿಡಿದು, ಜಲ್ಲಿ ರಾಶಿಯ ಮೇಲೆ ಕೂತು ನಕ್ಕರು. ‘ಮರ್ಯಾದೆ ಇಲ್ದೆ ಇಷ್ಟು ವರ್ಷ ಬದುಕಿದ್ದೆ. ಇವತ್ತು ಮರ್ಯಾದೆ ಜಾಸ್ತಿಯಾಗಿ ಸಾಯ್ತಿದ್ದೆ. ಬಾಷಾ, ಇನ್ನು ಮೇಲೆ ಅಡ್ಡ ಬಂದ ಹೂವು ಯಾರು ಕಟ್ಟಿದ್ದೇ ಆಗಲಿ, ಕಿತ್ತು ಬಿಸಾಕು. ದೇವರ ಹತ್ತಿರ ನಾನು ಮಾತಾಡ್ಕೋತೀನಿ.’ ಆ ಮುದ್ದೆಯಲ್ಲಿ ಒಂದು ಹೂವು ಇನ್ನೂ ಹಳದಿಯಾಗಿ ಉಳಿದಿತ್ತು. ಅದನ್ನು ಬಿಡಿಸಿ ತುರುಬಿಗೆ ಸಿಕ್ಕಿಸಿಕೊಂಡರು.

ಸುದ್ದಿ ಊರಿಗೆ ಮುಟ್ಟಿ ಯಜಮಾನರೇ ಎತ್ತಿನ ಗಾಡಿಯಲ್ಲಿ ಬಂದರು. ಕೆಟ್ಟ ಮನುಷ್ಯರೇನಲ್ಲ. ರಕ್ತ ಕಂಡು ಅವ್ವಾ ಎಂದರು.

‘ಇದೆಲ್ಲ ಯಾಕೆ ಬೇಕಿತ್ತಮ್ಮ? ಹೆಂಗಸರು, ಇಂಥ ಗಾಡಿ. ಈಗ ಬಾಗಿಲೂ ಹೋಯ್ತು. ನಡೀರಿ ಮನೆಗೆ. ಒಳಗಿನ ಹಜಾರದಲ್ಲೇ ಹಾಸಿಗೆ ಹಾಕಿಸ್ತೀನಿ. ಯಾರೂ ಏನೂ ಅನ್ನಲ್ಲ, ನಾನು ಹೇಳ್ತೀನಿ.’

ಒಳಹಜಾರ ಎಂಬ ಮಾತು ಕೇಳಿ ನಾನು ಅವರ ಮುಖ ನೋಡಿದೆ. ಒಪ್ಪಿಕೊಳ್ಳಲಿ ಎಂದು ನನಗೆ ಆಸೆಯಿತ್ತು. ನನಗೆ ಮನೆ ಬೇಕಿತ್ತು, ನೆಲಕ್ಕೆ ಅಂಟಿಕೊಂಡ ಮನೆ.

‘ಪೆಟ್ಟು ಬಿದ್ದ ಮೇಲೆ ಒಳಗೆ ಕರೀತೀರಿ’ ಎಂದರು ಅವರು. ‘ನಾಳೆ ವಾಸಿಯಾದ್ರೆ ಮತ್ತೆ ಜಗಲಿ. ನನ್ನ ಬಿಡಾರ ಇದೆ ಯಜಮಾನ್ರೇ. ಒಂದು ಜೊತೆ ಎತ್ತು ಕೊಡಿ, ಜಲ್ಲಿಯಿಂದ ಎಳೆಯೋದಕ್ಕೆ.’

‘ಬಾಗಿಲಿಲ್ಲದ ಗಾಡೀಲಿ ಒಂಟಿ ಹೆಂಗಸು ಮಲಗೋದಾ?’

‘ನಿಮ್ಮ ಜಗಲಿಗೆ ಬಾಗಿಲಿತ್ತಾ?’

ಯಜಮಾನರು ಎತ್ತು ಬಿಚ್ಚಿಸಿದರು. ಗಾಡಿಯನ್ನು ರಸ್ತೆಗೆ ಎಳೆದ ಮೇಲೆ ಬಾಷಾ ಮತ್ತೆ ಬಟ್ಟಲನ್ನು ಗುಂಡಿನ ಮೇಲೆ ತಂದ. ‘ಎಲ್ಲಾ ಬಾಯಿ ಮುಚ್ಚಿ’ ಎಂದರು ಇವರು. ಸೇರಿದ್ದ ಜನವೆಲ್ಲ ಉಸಿರು ಹಿಡಿಯಿತು. ಟಕ್ ಎಂದಿತು. ‘ಹಾಂ, ಇದು’ ಎಂದು ಬಾಗಿಲಿಲ್ಲದ ಗಾಡಿಯೊಳಕ್ಕೆ ಹತ್ತಿ, ಎಲ್ಲರಿಗೂ ಕಾಣುವ ಹಾಗೆ ಕೂತು, ಊರೊಳಕ್ಕೆ ಹೋದರು. ನಾನು ಹಿಂದೆ ನಡೆದು ಹೋದೆ.

ಸಂಜೆ, ಹುಬ್ಬಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು ನಿಂತರು. ಗೊತ್ತುಮಾಡಿದ್ದ ಕಥೆಯನ್ನು ಬಿಟ್ಟು, ಭಕ್ತನ ಎಂಜಲನ್ನು ದೇವರು ತಿಂದ ಆ ಹಳೆಯ ಕಥೆಯನ್ನೇ ತೆಗೆದರು. ಶಾಮಣ್ಣ ನನ್ನ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು. ಜನ ಕಿಕ್ಕಿರಿದಿದ್ದರು. ದೇವರು ಉಂಡೆದ್ದ ಘಟ್ಟದಲ್ಲಿ ಇವರು ಹಾಡು ನಿಲ್ಲಿಸಿದರು.

‘ಉಂಡಾಯ್ತು. ಸ್ವಾಮಿ ಕೈ ತೊಳೆದುಕೊಂಡು ಎದ್ದ. ಆಮೇಲೆ ಆ ಎಲೆ ಯಾರು ತೆಗೆದ್ರು, ಜಾಗ ಯಾರು ಸಾರಿಸಿದ್ರು ಅಂತ ಶಾಸ್ತ್ರದಲ್ಲಿ ಹೇಳಿಲ್ಲ. ನನಗೂ ಗೊತ್ತಿಲ್ಲ. ಇಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.’

ಚಿಟಿಕೆ ಒಂದು ಸಲ ಟಕ್ ಎಂದಿತು. ನನ್ನ ಕೈಯ ಹಾರ್ಮೋನಿಯಂ ಒಂದೇ ಉಸಿರೆಳೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಯಜಮಾನರು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಬೇಕಾದಷ್ಟು ಹೊತ್ತು ಹಾಗೇ ನಿಲ್ಲಿಸಿ, ಇವರು ಮಂಗಳ ಹಾಡಿದರು.

ಬಾಗಿಲಿದ್ದ ಕಡೆ ವೇದಿಕೆಯ ಪರದೆಯನ್ನು ಇಳಿಬಿಟ್ಟುಕೊಂಡು ಅವರು ಆ ಬಯಲಿನಲ್ಲಿ ಮಲಗಿದರು. ಒಳಗೆ ಬಾರಯ್ಯಾ, ಕಾಫಿ ಕುಡಿದು ಹೋಗು ಎಂದರು. ನನಗೆ ಕಾಲು ಬರಲಿಲ್ಲ. ಕೊನೆಯ ಬಸ್ಸು ಹಿಡಿದು ರಾಜಾಜಿನಗರಕ್ಕೆ ಬಂದುಬಿಟ್ಟೆ.

ಆಮೇಲೆ ಅವರು ಕಾಮಾಕ್ಷಿಪಾಳ್ಯದ ಬಡಗಿಯೊಬ್ಬನನ್ನು ಕರೆಸಿ, ಬಲಗಡೆ ಬಾಯಿ ತೆರೆದಿದ್ದ ಜಾಗವನ್ನು ತಗಡು ಬಡಿಸಿ ಮುಚ್ಚಿಸಿದರು. ಎಡಗಡೆ ಕೊರೆಸಿ, ಹಲಸಿನ ಮರದ ಬಾಗಿಲು ಇಡಿಸಿದರು. ಬಾಗಿಲಿಗೆ ಹೊಸಿಲು. ಹೊಸಿಲಿಗೆ ಅರಿಶಿನ. ‘ಅವರು ಇಳಿಯೋ ಕಡೆ ಅವರು ಬಾಗಿಲಿಟ್ಕೊಂಡ್ರು. ನಾವು ಇಳಿಯೋ ಕಡೆ ನಾವು ಇಟ್ಕೊಂಡ್ವಿ. ಇದರಲ್ಲಿ ಏನು ಆಶ್ಚರ್ಯ?’ ಎಂದು ನೋಡಲು ಬಂದವರಿಗೆ ಹೇಳುತ್ತಿದ್ದರು. ಕೆನೆಬಣ್ಣದ ಆ ಮೊಟ್ಟೆಗೆ ಹಳ್ಳಿಮನೆಯ ಬಾಗಿಲು ಚೂರೂ ಒಪ್ಪುತ್ತಿರಲಿಲ್ಲ. ಅವರಿಗೆ ಅದರ ಪರಿವೆಯೂ ಇರಲಿಲ್ಲ. ಬಿಡದಿ, ಮಾಗಡಿ, ಚನ್ನಪಟ್ಟಣ, ಎಲ್ಲ ಕಡೆ ಆ ಬಿಡಾರ ಬಾಷಾನ ವ್ಯಾನಿನ ಹಿಂದೆ ಹೋಯಿತು. ನಾನು ಬಸ್ಸಿನಲ್ಲಿ ಹೋಗಿ ಸೇರಿಕೊಳ್ಳುತ್ತಿದ್ದೆ. ‘ಬೀಎಸ್ಸಿ ಬಂದ್ನಾ, ಬಸ್ಸಿನ ಮೇಷ್ಟ್ರು’ ಎನ್ನುತ್ತಿದ್ದರು. ಮೊದಲ ವರ್ಷವೆಲ್ಲ ಬಿಡಾರದ ಹೊರಗೇ ನಿಂತು ಮಾತಾಡಿಸಿ ಬರುತ್ತಿದ್ದೆ. ಅವರು ಒತ್ತಾಯ ಮಾಡಲಿಲ್ಲ. ಅವರು ತೀರಿಕೊಂಡದ್ದೂ ಆ ಗಾಡಿಯೊಳಗೇ, ಬಹಳ ವರ್ಷಗಳ ಮೇಲೆ, ಒಳಗಿಂದ ಚಿಲಕ ಹಾಕಿಕೊಂಡು.

ಆದರೆ ಸ್ಮರಣ ಸಂಚಿಕೆಯ ಹುಡುಗರಿಗೆ ನಾನು ಹೇಳಬೇಕಾದದ್ದು ಸಾವಿನ ದಿನದ್ದಲ್ಲ. ಕೆಂಗೇರಿಯ ಯಜಮಾನರು ಬಂದ ದಿನದ್ದು.

ಮರುವರ್ಷದ ರಾಮನವಮಿಗೆ ಮುಂಚೆ, ಮಟಮಟ ಮಧ್ಯಾಹ್ನ, ಅವರು ಛತ್ರಿ ಹಿಡಿದು ರಾಜಾಜಿನಗರಕ್ಕೆ ಬಂದರು. ಹೇಳಿ ಕಳಿಸದೆ ತಾವೇ ಕರೆಯಲು ಬಂದಿದ್ದರು. ನಾನು ಬೇಲಿಯ ಬಳಿ ಇದ್ದೆ. ಇವರು ಗಾಡಿಯೊಳಗೆ ಹುಳಿ ಕುದಿಸುತ್ತಿದ್ದರು. ವಾಸನೆ ಹೊರಗೆಲ್ಲ ಹರಡಿತ್ತು.

‘ಈ ಸಲ ಒಳಹಜಾರ ಸಾರಿಸಿ ಇಟ್ಟಿದೀವಿ ಅಮ್ಮ’ ಎಂದರು ಯಜಮಾನರು, ಹೊಸಿಲಿನಿಂದ ಎರಡು ಮಾರು ದೂರ ನಿಂತು. ‘ಪೆಟ್ಟಿಲ್ಲದಿದ್ರೂ.’

ಇವರು ಸೌಟು ಹಿಡಿದು ಬಾಗಿಲಿಗೆ ಬಂದರು. ‘ಬರ್ತೀನಿ. ಬಿಡಾರ ಮಾತ್ರ ಇದೇ. ಊಟದ ಹೊತ್ತು, ಬನ್ನಿ ಒಳಗೆ.’

‘ಇರಲಿ ಇರಲಿ, ಇಲ್ಲೇ ಇರ್ತೀನಿ. ಗಾಳಿ ಚೆನ್ನಾಗಿದೆ.’

ಗಾಳಿ ಇರಲಿಲ್ಲ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಬೇಲಿಯ ಈಚೆ ನನ್ನ ಬಲಗಾಲು ಸುಮ್ಮನೆ ನೆಲ ಒತ್ತುತ್ತಿತ್ತು. ಇವರು ಅವರನ್ನು ನೋಡಿದರು, ಆಮೇಲೆ ನನ್ನನ್ನು. ಸೌಟಿನಿಂದ ಬಾಗಿಲ ಚೌಕಟ್ಟನ್ನು ಒಮ್ಮೆ ಟಕ್ ಎಂದು ಬಡಿದರು.

‘ಇಬ್ರೂ ಬನ್ನಿ ಒಳಗೆ. ಎಲೆ ನಾನು ತೆಗೀತೀನಿ, ಗಾಬರಿ ಬೇಡ. ನಮ್ಮಲ್ಲಿ ಜಗಲಿ ಇಲ್ಲ.’

ಬೇಲಿ ದಾಟಿದೆ. ಚಪ್ಪಲಿ ಬಿಟ್ಟೆ. ಹೊಸಿಲಿನ ಮೇಲೆ ಕಾಲಿಡದೆ ದಾಟಿ ಒಳಗೆ ಹೆಜ್ಜೆಯಿಟ್ಟಾಗ ಗಾಡಿ ಸ್ವಲ್ಪ ಬಾಗಿತು. ಕಣ್ಣು ಮುಚ್ಚಿ, ಮಂಚದ ಅಂಚು ಹಿಡಿದು ಕೂತೆ. ಹೊರಗೆ ಛತ್ರಿ ಮಡಿಸಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಗಾಡಿ ಇನ್ನೊಂದು ಸಲ ಬಾಗಿತು.